ಗೋಪುರದ ಕೆಳಗಿನ ಮೊಟ್ಟೆ

ಫೆಸ್ಟಿ ಗ್ಯಾನನ್ ಮೊಟ್ಟೆಯ ಮೇಲೆ ಕೂತವನು. ಇದನ್ನು ಅವನೇ ಹೇಳುತ್ತಿದ್ದ. ವಾರಕ್ಕೆ ಆರು ದಿನ ಕಿಲ್‌ಟರ್ಲಾದ ಒಂದೇ ಒಂದು ಹೆಂಡದಂಗಡಿಯಲ್ಲಿ, ಏಳನೆಯ ದಿನ ಪೂಜೆ ಮುಗಿದ ಮೇಲೆ ಇಗರ್ಜಿಯ ಕಾಂಪೌಂಡಿಗೆ ಒರಗಿಕೊಂಡು.

“ಎರಡು ಹಸು ಬೆನ್ನಿಗೆ ಬೆನ್ನು ಕೊಟ್ಟು ಮಲಗಿದಷ್ಟು ದಪ್ಪ ಕಣ್ರಯ್ಯ. ಹಾಲಿನಂಥ ಬಿಳಿ ಬಂಡೆ. ನಮ್ಮಜ್ಜ ಅದರ ಮೇಲೆ ಕೂತು ಆಲೂಗಡ್ಡೆ ತಿಂದಿದ್ದ. ನಮ್ಮಪ್ಪ ಕೂತು ಪೈಪು ಸೇದಿದ್ದ. ನಾನು ಕೂತು ಪ್ಯಾಂಟು ಹರ್ಕೊಂಡೆ. ನಂಬಿಕೆ ಇಲ್ದೋರು ಹೇಳಿ, ಪ್ಯಾಂಟು ತೋರಿಸ್ತೀನಿ.”

ಪ್ಯಾಂಟು ಹರಿದಿತ್ತೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅದು ಎದುರಿಗೇ ಇತ್ತು.

ಮೊಟ್ಟೆ ಎಂದರೆ ದೋಣಿಯವರ ಗುರುತು. ಕೊಲ್ಲಿಯ ಬಾಯಲ್ಲಿ, ಅಲೆಯ ಮಟ್ಟಕ್ಕೇ ಅಡಗಿಕೊಂಡ ಎರಡು ಸಾಲು ಬಂಡೆಗಳಿವೆ. ಅವಕ್ಕೆ ಮುದುಕಿ ಹಲ್ಲು ಎಂದು ಹೆಸರು. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ಇರುವ ಸಂದಿಯಲ್ಲಿ ಒಂದೂವರೆ ದೋಣಿ ಹಿಡಿಯುತ್ತದೆ. ಹೊರಗಿನಿಂದ ಮನೆಗೆ ಬರುವವನು ಗುಡ್ಡದ ಮೇಲಿನ ಚರ್ಚಿನ ಗೋಪುರವನ್ನು ಹುಡುಕಬೇಕು. ಗೋಪುರದ ಕೆಳಗೆ, ಗುಡ್ಡದ ಬುಡದಲ್ಲಿ, ಬೆಳ್ಳಗೆ ಮೊಟ್ಟೆಯಂಥದೊಂದು ಕಾಣುತ್ತದೆ. ಎರಡೂ ಒಂದರ ಕೆಳಗೊಂದು ನೆಟ್ಟಗೆ ಬಂದವೋ, ದೋಣಿ ಸಂದಿಯ ಎದುರಿಗಿದೆ ಎಂದರ್ಥ. “ಮೊಟ್ಟೇನ ಗೋಪುರದ ಕೆಳಗಿಡು, ಆಮೇಲೆ ಕಣ್ಮುಚ್ಚಿ ಹುಟ್ಟು ಹಾಕು.” ಮೇಯೋ ಸೀಮೆಯ ಆ ಮೂಲೆಯಲ್ಲಿ ಅಪ್ಪ ಮಗನಿಗೆ ಬಿಟ್ಟುಹೋಗುತ್ತಿದ್ದ ಆಸ್ತಿಯೆಲ್ಲ ಈ ಒಂದು ಮಾತು.

ಗೋಪುರ ಪ್ರಾಟೆಸ್ಟೆಂಟರದು. ಅವರ ಚರ್ಚಿಗೆ ಬರುತ್ತಿದ್ದವರು ಮೂರು ಜನ, ಮಳೆ ಬಂದರೆ ಮೂವರ ಜೊತೆಗೆ ಒಂದು ನಾಯಿ. ಕಥೋಲಿಕರ ಇಗರ್ಜಿಗೆ ಊರಿಗೆ ಊರೇ ಬರುತ್ತಿತ್ತು, ಆದರೆ ಅದಕ್ಕೆ ಗೋಪುರವಿರಲಿಲ್ಲ. ಮೂರು ಸಲ ಕಟ್ಟಿಸಿ, ಮೂರು ಸಲವೂ ಗಾಳಿ ಅದನ್ನು ಪಕ್ಕದ ಊರಿಗೆ ತಲುಪಿಸಿದ ಮೇಲೆ, ಪಾದ್ರಿಗಳು ಗಾಳಿಯ ಜೊತೆ ರಾಜಿ ಮಾಡಿಕೊಂಡಿದ್ದರು. ಹೀಗಾಗಿ ಊರಿನ ಕಥೋಲಿಕ ಗಂಡಸರೆಲ್ಲ ದಿನಾ ಪ್ರಾಟೆಸ್ಟೆಂಟರ ಗೋಪುರವನ್ನು ನಂಬಿಕೊಂಡೇ ಮನೆ ಸೇರುತ್ತಿದ್ದರು. ಈ ವಿಷಯವನ್ನು ಪಾಪನಿವೇದನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಮೊಟ್ಟೆಯನ್ನು ಸಮುದ್ರದಿಂದ ಎಲ್ಲರೂ ನೋಡಿದ್ದರು. ನೆಲದ ಮೇಲೆ ಅದನ್ನು ಹುಡುಕಿಕೊಂಡು ಹೋದವರು ಯಾರೂ ಇರಲಿಲ್ಲ. ಫೆಸ್ಟಿ ಅದರ ಮೇಲೆ ಕೂತು ಬಂದಿದ್ದನಲ್ಲ, ಇನ್ನು ಹುಡುಕುವುದೇನು?

ಆ ಮೊಟ್ಟೆ ಯಾವುದೆಂದು ತಿಳಿದ ಜೀವ ಊರಿನಲ್ಲಿ ಒಂದೇ ಇತ್ತು. ಅವಳೇ ಸಬೀನಾ ಗಿಂಟಿ. ಅವಳನ್ನು ಯಾರೂ ಕೇಳಿರಲಿಲ್ಲ.

ಸಬೀನಾ ಕಡಲಿನವಳಲ್ಲ. ನೆಫಿನ್ ಬೆಟ್ಟದ ಆಚೆ, ಕೆಸರುನೆಲವನ್ನೇ ಅಗೆದು ಒಣಗಿಸಿ ಸೌದೆಯ ಬದಲು ಒಲೆಗೆ ಹಾಕುವ ಕಡೆಯಿಂದ ಬಂದವಳು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಮಾರ್ಟಿ ಗಿಂಟಿಯನ್ನು ಮದುವೆಯಾಗಿ ಕಿಲ್‌ಟರ್ಲಾಕ್ಕೆ ಬಂದಾಗ ಅವಳ ಎತ್ತರ ನೋಡಿ ಊರಿನವರು ದೋಣಿಯ ಕಂಬ ಬಂತೆಂದುಕೊಂಡರಂತೆ. ಧ್ವನಿ ಎಷ್ಟಿತ್ತೆಂದರೆ, ಅವಳು ಅಂಗಳದಲ್ಲಿ ನಿಂತು ಕೋಳಿ ಕರೆದರೆ ಎದುರು ದ್ವೀಪದ ಕೋಳಿಗಳೂ ನೀರಿನ ಅಂಚಿಗೆ ಬಂದು ನಿಲ್ಲುತ್ತಿದ್ದವು. ಮಾರ್ಟಿ ಇದಕ್ಕೆ ತದ್ವಿರುದ್ಧ. ದಿನಕ್ಕೆ ಮೂರು ಮಾತು, ಅದರಲ್ಲಿ ಒಂದು ಆಮೆನ್.

ಮದುವೆಯಾದ ಮೊದಲ ಮೇ ತಿಂಗಳಲ್ಲೇ ಅತ್ತೆ ನ್ಯಾಪಿ ಸೊಸೆಯ ಕೈಗೆ ಬಕೆಟ್ಟು, ಬ್ರಷ್ಷು ಕೊಟ್ಟಳು.

“ಮನೆಗೆಲ್ಲ ವರ್ಷಕ್ಕೊಂದು ಸಲ ಸುಣ್ಣ. ಕಡಲ ಕಡೆ ಗೋಡೆಗೆ ಮಾತ್ರ ಎರಡು ಸಲ. ತಪ್ಪಿಸ್ಬೇಡ.”

“ಆ ಗೋಡೆ ಯಾರ ಕಣ್ಣಿಗೆ ಬೀಳುತ್ತೆ ಅತ್ತೆ? ದಾರಿಯಿಂದ ಕಾಣಲ್ಲ, ಬಂದರಿನಿಂದ ಕಾಣಲ್ಲ. ಮರಳುದಿಬ್ಬ ಅಡ್ಡ ಇದೆ.”

ನ್ಯಾಪಿ ಹಿಡಿಯಷ್ಟಿದ್ದ ಮುದುಕಿ. ಬಾಗಿಲಾಚೆ ಯಾರೂ ಇಲ್ಲವೆಂದು ನೋಡಿಕೊಂಡಳು. “ನಾನು ದ್ವೀಪದವಳು. ಜೀವಮಾನದಲ್ಲಿ ದೋಣಿ ಹತ್ತಿದ್ದು ಒಂದೇ ಸಲ, ಮದುವೆಯಾಗಿ ಈ ಮನೆಗೆ ಬರೋವಾಗ. ಹೆಂಗಸರು ಹತ್ತಿದ್ರೆ ದೋಣಿಗೆ ಕೇಡು ಅಂತ ಆಮೇಲೆ ಹತ್ತಿಸಲೇ ಇಲ್ಲ. ಹುಟ್ಟು ಹಾಕೋ ಗಂಡಸಿನ ಮುಖ ಯಾವ ಕಡೆ ಇರುತ್ತೆ ಹೇಳು?”

“ಹಿಂದಕ್ಕೆ.”

“ಹಿಂದಕ್ಕೆ. ಮನೆ ಕಡೆ ಬೆನ್ನು ಹಾಕ್ಕೊಂಡೇ ಮನೆಗೆ ಬರೋ ಜಾತಿ ಇದು. ಆಗೊಮ್ಮೆ ಈಗೊಮ್ಮೆ ಹೆಗಲ ಮೇಲಿಂದ ಒಂದು ಇಣುಕು ನೋಡ್ತಾರೆ, ಅಷ್ಟೇ. ಅವತ್ತು ದೋಣಿಯಲ್ಲಿ ಮುಖ ಮುಂದಕ್ಕೆ ಮಾಡ್ಕೊಂಡು ಕೂತಿದ್ದವಳು ನಾನೊಬ್ಬಳೇ. ಇವರು ಮೊಟ್ಟೆ ಮೊಟ್ಟೆ ಅಂತಾರಲ್ಲ, ಅದು ನಮ್ಮ ಗೋಡೆ ಕಣಮ್ಮ.”

“ಮತ್ತೆ ಅವರಿಗೆ ಹೇಳಲಿಲ್ವಾ?”

“ದೋಣಿ ಇಳಿದ ತಕ್ಷಣ ಹೇಳಿದೆ. ಅಷ್ಟರಲ್ಲಿ ಫೆಸ್ಟಿಯ ಅಜ್ಜ ಅದರ ಮೇಲೆ ಕೂತಾಗಿತ್ತು.”

ಸಬೀನಾಳೂ ಒಮ್ಮೆ ಹೇಳಿ ನೋಡಿದಳು, ಗಂಡನಿಗೆ. ಮಾರ್ಟಿ ಯೋಚಿಸುವವನು, ದುಡುಕುವವನಲ್ಲ. ಹನ್ನೊಂದು ವರ್ಷ ಯೋಚಿಸಿ, ಒಂದು ದಿನ ಸೂಪು ಕುಡಿಯುತ್ತ ಉತ್ತರ ಕೊಟ್ಟ: “ಗೋಡೆ ಚೌಕಾಕಾರ. ಮೊಟ್ಟೆ ಗುಂಡಗಿದೆ.” ಎರಡು ಮೈಲಿ ದೂರದಿಂದ, ಮಂಜಿನೊಳಗೆ, ಇಗರ್ಜಿಯ ಫಾದರ್ ಹೆನೆಗನ್ನರೂ ಗುಂಡಗೆ ಕಾಣುತ್ತಾರೆ ಎಂದು ಸಬೀನಾ ಹೇಳಬಹುದಿತ್ತು. ಆದರೆ ಪಾದ್ರಿಗಳು ಹತ್ತಿರದಿಂದಲೂ ಗುಂಡಗೇ ಇದ್ದರು, ವಾದ ನಿಲ್ಲುತ್ತಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು ಬಕೆಟ್ಟು ಎತ್ತಿದಳು.

ಮೂವತ್ತೊಂದು ವರ್ಷ ಅವಳು ಆ ಗೋಡೆಗೆ ಸುಣ್ಣ ಬಳಿದಳು. ಪೀಪಾಯಿಯಲ್ಲಿ ಸುಣ್ಣ ಅರಳಿಸಿ, ಮಳೆಗೆ ಜಗ್ಗದಿರಲೆಂದು ಕುರಿಯ ಕೊಬ್ಬು ಕರಗಿಸಿ ಹಾಕಿ, ಹಿಡಿ ಉಪ್ಪು ಸೇರಿಸಿ, ಕೊನೆಗೆ ಬಟ್ಟೆಗೆ ಹಾಕುವ ನೀಲಿಯ ಪೊಟ್ಟಣವನ್ನು ಎರಡು ಸುತ್ತು ತಿರುವಿ ತೆಗೆಯುತ್ತಿದ್ದಳು. ಆ ಬಿಳುಪಿಗೆ ಕಣ್ಣು ಕೋರೈಸಿ ಕಡಲಕಾಗೆಗಳು ದಾರಿ ತಪ್ಪಿ ಗಾಲ್ವೇ ಕಡೆ ಹೋಗುತ್ತಿದ್ದವು. ಅರವತ್ತೆರಡು ಪದರ ಬಿದ್ದು ಗೋಡೆ ಕೇಕಿನ ಹಾಗೆ ಉಬ್ಬಿತ್ತು. ಹೀಗೇ ಬಳಿಯುತ್ತ ಹೋದರೆ ಮನೆ ತಾನಾಗಿಯೇ ಅಮೆರಿಕ ಮುಟ್ಟುತ್ತದೆ, ಹಡಗಿನ ಚಾರ್ಜು ಉಳಿಯುತ್ತದೆ ಎಂದು ಊರಿನವರು ನಗುತ್ತಿದ್ದರು. ಅವಳಿಗೆ ಸುಣ್ಣದ ಸಬೀನಾ ಎಂದೇ ಹೆಸರು ಬಿತ್ತು. ಇಗರ್ಜಿಯ ಬಟ್ಟೆಬರೆ ಒಗೆಯುವ ಕೆಲಸವೂ ಅವಳದೇ ಆದ್ದರಿಂದ ಊರಿನಲ್ಲಿ ಬೆಳ್ಳಗಿದ್ದದ್ದೆಲ್ಲ ಅವಳ ಕೈಯಿಂದಲೇ ಬಂದದ್ದು.

ರೇಡಿಯೋ ಊರಿಗೆ ಬಂದು, ಕರೆಂಟು ಇನ್ನೂ ದಾರಿಯಲ್ಲಿದ್ದ ಕಾಲಕ್ಕೆ ಚೊಕ್ಕ ಊರು ಸ್ಪರ್ಧೆ ಬಂತು. ದೇಶದ ಯಾವ ಹಳ್ಳಿ ಎಲ್ಲಕ್ಕಿಂತ ಅಂದವಾಗಿದೆ ಎಂದು ಡಬ್ಲಿನ್ನಿನಿಂದ ಒಬ್ಬರು ಬಂದು ನೋಡಿ ಹೇಳುವುದು. ಶಾಲೆಯ ಟೀಚರು ಮಿಸ್ ಅಟ್ರಾಕ್ಟಾ ಮಾಯ್ಲೆಟ್ ಸಮಿತಿ ಕಟ್ಟಿದಳು. ಮೊದಲ ವರ್ಷ ಕಿಲ್‌ಟರ್ಲಾ ಸೀಮೆಗೆಲ್ಲ ಕೊನೆಯಿಂದ ಎರಡನೆಯದಾಯಿತು. ಕೊನೆಯ ಊರಿನ ಅರ್ಧ ಬೀದಿಯನ್ನು ಹಿಂದಿನ ಚಳಿಗಾಲದಲ್ಲಿ ಸಮುದ್ರ ಎತ್ತಿಕೊಂಡು ಹೋಗಿತ್ತು. “ಎಲ್ಲಿ ನೋಡಿದರೂ ಬಿಳಿ, ಜೀವಕಳೆ ಇಲ್ಲ” ಎಂದು ತೀರ್ಪುಗಾರರು ಬರೆದಿದ್ದ ಸಾಲನ್ನು ಟೀಚರು ಶಾಲೆಯ ಕರಿಹಲಗೆಯ ಮೂಲೆಯಲ್ಲಿ ಒಂದು ವರ್ಷ ಅಳಿಸದೆ ಇಟ್ಟಳು. ಈ ಸಲ ಪ್ರತಿ ಮನೆಗೂ ಒಂದೊಂದು ಬಣ್ಣ ಎಂದು ಸಮಿತಿಯಲ್ಲಿ ತೀರ್ಮಾನವಾಯಿತು. ಏಪ್ರಿಲ್ ಮುಗಿಯುವ ಹೊತ್ತಿಗೆ ಊರು ಹಳದಿ, ಗುಲಾಬಿ, ಕಿತ್ತಳೆ ಆಗಿ, ಮಿಠಾಯಿ ಅಂಗಡಿಗೆ ಬೆಂಕಿ ಬಿದ್ದ ಹಾಗೆ ಕಾಣುತ್ತಿತ್ತು. ಸಬೀನಾಳ ಮನೆ ಒಂದು ಉಳಿಯಿತು.

“ಮುಂದಿನ ಗೋಡೆಗೆ ಏನು ಬೇಕಾದ್ರೂ ಬಳ್ಕೊಳ್ಳಿ ಮಿಸ್. ಚುಕ್ಕೆ ಇಟ್ಟು ಮೇಲೊಂದು ಟೋಪಿ ಹಾಕಿದ್ರೂ ಬೇಡ ಅನ್ನಲ್ಲ. ಕಡಲ ಕಡೆ ಗೋಡೆ ಮುಟ್ಟಬೇಡಿ.”

“ತೀರ್ಪುಗಾರರು ಮರಳುದಿಬ್ಬದ ಮೇಲೆ ಹತ್ತಿ ನೋಡ್ತಾರೆ ಸಬೀನಾ. ಅಲ್ಲಿಂದ ನೇರ ಕಾಣೋದು ಅದೇ ಗೋಡೆ. ಬೇರೆ ಯಾರು ನೋಡ್ತಾರೆ ಅದನ್ನ?”

“ದೋಣಿಯವರು.”

“ದೋಣಿಯವರು ನೋಡೋದು ಮೊಟ್ಟೇನ.”

“ಅದೇ ಇದು ಅಂತ ನಾನು ಹೇಳೋದು.”

ಟೀಚರು ಮೂವತ್ತು ಮಕ್ಕಳಿಗೆ ದಿನಾ ಸಹನೆ ತೋರಿಸುವವಳು, ಇವಳಿಗೂ ತೋರಿಸಿದಳು. “ಅದರ ಮೇಲೆ ಮನುಷ್ಯರು ಕೂತು ಬಂದಿದಾರಮ್ಮ.”

ಮೇ ತಿಂಗಳ ಮೊದಲ ವಾರ ಸಬೀನಾ ಏಣಿಯಿಂದ ಬಿದ್ದಳು. ಬ್ರಷ್ಷು ಬಕೆಟ್ಟಿಗೆ ಅದ್ದುವುದರೊಳಗೆ ಏಣಿಯ ಕಾಲು ಜಾರಿ, ಅವಳೂ ಬಕೆಟ್ಟೂ ಒಟ್ಟಿಗೆ ಕೆಳಗೆ ಬಂದವು. ತೊಡೆಯ ಮೂಳೆ ಮುರಿಯಿತು. ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಬಿದ್ದಿದ್ದವಳನ್ನು ಕಂಡು ಫಾದರ್ ಹೆನೆಗನ್ನರು ಇವಳು ಆಗಲೇ ಸ್ವರ್ಗದಿಂದ ವಾಪಸು ಬಂದವಳೆಂದು ಎಣಿಸಿ ಮೊಣಕಾಲೂರಿದರಂತೆ.

ಕ್ಯಾಸಲ್‌ಬಾರ್ ಪಟ್ಟಣದ ಆಸ್ಪತ್ರೆಯಲ್ಲಿ ಎರಡು ತಿಂಗಳು ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದಳು. ಮಾರ್ಟಿ ಭಾನುವಾರ ಭಾನುವಾರ ಬಂದು, ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು, ಎರಡು ಗಂಟೆ ಕೂತು ಹೋಗುತ್ತಿದ್ದ.

“ಗೋಡೆಗೆ ಒಂದು ಕೋಟು ಬಾಕಿ ಇದೆ ಮಾರ್ಟಿ.”

ಮಾರ್ಟಿ ತಲೆಯಾಡಿಸುತ್ತಿದ್ದ. ಅವನು ಹೆಂಡತಿಯನ್ನು ಪ್ರೀತಿಸುತ್ತಿದ್ದ, ಅದನ್ನು ಹೇಳುವ ಮಾತು ಅವನ ಮೂರರ ಲೆಕ್ಕದಲ್ಲಿ ಬಂದಿರಲಿಲ್ಲ. ಆದ್ದರಿಂದ ಜೂನ್ ಕೊನೆಯಲ್ಲಿ ಸಮಿತಿಯವರು ಬಂದು, “ಸಬೀನಾ ಬರೋದ್ರೊಳಗೆ ಆ ಗೋಡೆ ನಾವೇ ಬಳಿದುಬಿಡ್ತೀವಿ, ಇನ್ನು ಏಣಿ ಹತ್ತೋ ಕಷ್ಟ ಬೇಡ ಆಕೆಗೆ, ಹತ್ತು ವರ್ಷ ಹೋಗದ ಎಣ್ಣೆಬಣ್ಣ” ಎಂದಾಗ, ಈ ಒಂದು ಸಲ ಅವನು ಹನ್ನೊಂದು ವರ್ಷ ತೆಗೆದುಕೊಳ್ಳಲಿಲ್ಲ. ಹೂಂ ಅಂದ. ಶನಿವಾರ ಆರು ಜನ ಸೇರಿ ಗೋಡೆಗೆ ಬಣ್ಣ ಬಳಿದರು. ಬಣ್ಣ ಆರಿಸಿದವಳು ಟೀಚರು: ಕಡಲ ಹಸಿರು.

ತೀರ್ಪುಗಾರರು ಬುಧವಾರ ಬರುವವರಿದ್ದರು. ಸಬೀನಾಳನ್ನು ಸೋಮವಾರ ಆಸ್ಪತ್ರೆಯಿಂದ ಬಿಟ್ಟರು. ಟೀಚರೇ ತನ್ನ ಪುಟ್ಟ ಕಾರಿನಲ್ಲಿ ಕರೆತಂದಳು. ಹಿಂದಿನ ಸೀಟಿನಲ್ಲಿ ಇಗರ್ಜಿಯ ಬಟ್ಟೆಯ ಗಂಟಿತ್ತು. ಸಬೀನಾ ಇಲ್ಲದ ಎರಡು ತಿಂಗಳು ಅದನ್ನು ಒಗೆದದ್ದು ಟೀಚರು, ಈಗ ವಾರಸುದಾರಳಿಗೆ ಒಪ್ಪಿಸಲು ತಂದಿದ್ದಳು.

ಮನೆಯ ಮುಂದೆ ಕಾರು ನಿಂತಿತು. ಸಬೀನಾ ಊರುಗೋಲು ಎರಡೂ ಕಂಕುಳಿಗೆ ಕೊಟ್ಟುಕೊಂಡು ನೇರ ಮನೆಯ ಮೂಲೆ ಸುತ್ತಿ ಕಡಲ ಕಡೆ ಹೋದಳು. ಟೀಚರು ಖುಷಿಯಿಂದ ಹಿಂದೆ ಬಂದಳು.

“ಹೇಗಿದೆ ನಮ್ಮ ಉಡುಗೊರೆ?”

ಸಬೀನಾ ಗೋಡೆ ನೋಡಿದಳು. ತಿರುಗಿ ಸಮುದ್ರ ನೋಡಿದಳು. ಎರಡಕ್ಕೂ ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ.

“ದೋಣಿಗಳೆಲ್ಲಿ?”

“ಎಲ್ಲಾ ನಾಲ್ಕೂ ಬೆಳಗ್ಗೇನೇ ಹೋದವಲ್ಲ, ಏಡಿಬುಟ್ಟಿ ಎತ್ತೋಕೆ. ಹಲ್ಲಿನ ಆಚೆ.”

ಭಾನುವಾರ ಯಾರೂ ಕಡಲಿಗಿಳಿದಿರಲಿಲ್ಲ. ಸೋಮವಾರ ಬೆಳಗ್ಗೆ ನೀರು ತಟ್ಟೆಯಂತೆ ಮಲಗಿತ್ತು, ಹಲ್ಲು ಬರಿಗಣ್ಣಿಗೇ ಕಾಣುತ್ತಿತ್ತು, ಗುರುತು ಯಾರಿಗೂ ಬೇಕಾಗಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಪಡುವಣದಿಂದ ಅಲೆ ಎದ್ದಿತ್ತು. ಈಗ ಕೊಲ್ಲಿಯ ಬಾಯಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ನೊರೆ. ಯಾವುದು ಬಂಡೆ, ಯಾವುದು ಸಂದಿ ಎಂದು ಸಮುದ್ರಕ್ಕೇ ಗೊತ್ತಿದ್ದ ಹಾಗಿರಲಿಲ್ಲ. ಅದರ ಆಚೆ ನಾಲ್ಕು ಕಪ್ಪು ಚುಕ್ಕೆಗಳು. ಟಾರು ಬಳಿದ ಬಟ್ಟೆಯ ದೋಣಿಗಳು, ದೋಣಿಗೆ ಮೂವರಂತೆ ಹನ್ನೆರಡು ಜನ. ಬಂಡೆ ಹಾಗಿರಲಿ, ಹರಿತವಾದ ಮಾತು ತಗುಲಿದರೂ ಹರಿಯುವಷ್ಟು ತೆಳ್ಳನೆಯ ದೋಣಿಗಳು. ಚುಕ್ಕೆಗಳು ಒಂದಷ್ಟು ಬಡಗಣಕ್ಕೆ ಹೋದವು, ನಿಂತವು, ಮತ್ತೆ ತೆಂಕಣಕ್ಕೆ ಬಂದವು. ಗೋಪುರ ಅವರಿಗೆ ಕಾಣುತ್ತಿತ್ತು. ಆದರೆ ಒಂದೇ ಚುಕ್ಕೆಯಿಂದ ಗೆರೆ ಎಳೆಯುವುದು ಹೇಗೆ?

“ಏನ್ಮಾಡ್ತಿದಾರೆ ಅವರು?” ಎಂದಳು ಟೀಚರು.

“ಮೊಟ್ಟೆ ಹುಡುಕ್ತಿದಾರೆ.”

ಟೀಚರು ಗೋಡೆ ನೋಡಿದಳು, ಗೋಪುರ ನೋಡಿದಳು, ನೊರೆಯ ಸಾಲು ನೋಡಿದಳು. ಬುದ್ಧಿವಂತೆ, ಮೂರನೆಯ ನೋಟಕ್ಕೇ ಅರ್ಥವಾಯಿತು. ಅವಳ ಮುಖ ಗೋಡೆ ಮೊದಲಿದ್ದ ಬಣ್ಣಕ್ಕೆ ತಿರುಗಿತು.

“ಸುಣ್ಣ ಇದೆಯಾ ಸಬೀನಾ? ನಾನೇ ಬಳಿತೀನಿ.”

“ಹಸಿ ಸುಣ್ಣ ನೀರಿನ ಹಾಗೆ, ಬೆಳ್ಳಗಾಗೋದು ಒಣಗಿದ ಮೇಲೆ. ನಾಳೆ ಬೆಳಗ್ಗೆ ಬಿಳಿ ಗೋಡೆ ಇರುತ್ತೆ, ನೋಡೋಕೆ ಗಂಡಸರಿರಲ್ಲ.” ಅವಳು ಊರುಗೋಲನ್ನು ನೆಲಕ್ಕೆ ಊರಿದಳು. “ಇವತ್ತು ವಾರ ಯಾವುದು?”

“ಸೋಮವಾರ.”

“ಒಗೆಯೋ ದಿನ,” ಎಂದವಳೇ ಸಬೀನಾ ಬೀದಿಯ ಕಡೆ ತಿರುಗಿ ಬಾಯಿ ತೆರೆದಳು.

ಆವತ್ತಿನ ಆ ಕೂಗನ್ನು ಕೇಳಿದವರು ಈಗಲೂ ಎಡಗಿವಿ ಮುಟ್ಟಿಕೊಂಡೇ ಅದನ್ನು ನೆನೆಯುತ್ತಾರೆ. “ಹಗ್ಗದ ಮೇಲಿರೋ ಬಿಳಿ ದುಪ್ಪಟ್ಟಿಯೆಲ್ಲ ತನ್ನಿ” ಎಂಬ ಮಾತು ಏಳು ಮನೆ ದಾಟಿ, ಗುಡ್ಡ ಹತ್ತಿ, ಪ್ರಾಟೆಸ್ಟೆಂಟ್ ಪಾದ್ರಿಯ ಅಂಗಳಕ್ಕೆ ಮುಟ್ಟಿ, ಆತನೂ ಎರಡು ದುಪ್ಪಟ್ಟಿ ಹೆಗಲಿಗೆ ಹಾಕಿಕೊಂಡು ಇಳಿದು ಬಂದ. ಹೆಂಗಸರು ಏನು, ಏಕೆ ಎಂದು ಕೇಳುತ್ತಲೇ ಓಡಿಬಂದರು.

“ಮಾರ್ಟಿಯ ಮೀನುಬಲೆ ತನ್ನಿ. ಹುಲ್ಲುಸೂರಿಗೆ ಹಗ್ಗ ಬಿಗಿಯೋ ಕಲ್ಲುಗೂಟ ಇದೆಯಲ್ಲ ಗೋಡೆಯ ಮೇಲ್ತುದಿಯಲ್ಲಿ, ಅದಕ್ಕೆ ಬಲೆ ಸಿಕ್ಕಿಸಿ. ಬಲೆಗೆ ದುಪ್ಪಟ್ಟಿ ಕ್ಲಿಪ್ಪು ಹಾಕಿ. ಏಣಿ ಯಾರು ಹತ್ತುತ್ತೀರಿ?”

ಹೆಂಗಸರು ಏಣಿಯನ್ನೂ ಸಬೀನಾಳ ಕಾಲನ್ನೂ ನೋಡಿದರು. ಟೀಚರು ಚಪ್ಪಲಿ ಬಿಟ್ಟಳು. ಕುರ್ಚಿ ಹತ್ತಿ ಭೂಪಟ ನೇತುಹಾಕಲೂ ಅಂಜುವವಳು, ಬಲೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಏಣಿ ಹತ್ತಿದಳು.

“ಎಡಕ್ಕೆ ಮಿಸ್. ಇನ್ನೂ ಎಡಕ್ಕೆ. ಕೆಳಗೆ ನೋಡ್ಬೇಡಿ, ಅಲ್ಲೇನೂ ಇಲ್ಲ.” ಸಬೀನಾ ಊರುಗೋಲಿನಿಂದ ತೋರಿಸುತ್ತಿದ್ದಳು. “ಹೂವಿರೋ ದುಪ್ಪಟ್ಟಿ ಬೇಡ ಕಣೇ ಬ್ರಿಜೆಟ್, ಮೊಟ್ಟೆಗೆ ಹೂವಿರಲ್ಲ.”

ದುಪ್ಪಟ್ಟಿ ಹನ್ನೊಂದಾದವು. ಗೋಡೆಯ ಮಧ್ಯೆ ಇನ್ನೂ ಹಸಿರು ಕಾಣುತ್ತಿತ್ತು. ಟೀಚರು ಏಣಿಯ ಮೇಲಿನಿಂದಲೇ ತನ್ನ ಕಾರಿನ ಕಡೆ ನೋಡಿ, ತಕ್ಷಣ ಕಣ್ಣು ತಿರುಗಿಸಿದಳು. ಸಬೀನಾ ಆಗಲೇ ಆ ಗಂಟು ಬಿಚ್ಚುತ್ತಿದ್ದಳು.

“ಅದು ಬಲಿಪೀಠದ ವಸ್ತ್ರ ಸಬೀನಾ. ಮಂತ್ರಿಸಿದ್ದು.”

“ಒಳ್ಳೇದಾಯ್ತು. ಬರಿ ದುಪ್ಪಟ್ಟಿಗಿಂತ ಜಾಸ್ತಿ ದೂರ ಕಾಣುತ್ತೆ. ದೇವರಿಗೆ ಹೇಗೂ ಇವತ್ತು ಸೋಮವಾರ, ಬಿಡುವಿದೆ.”

ಹದಿನಾಲ್ಕು ಅಡಿಯ ವಸ್ತ್ರ ಅಡ್ಡಲಾಗಿ ಬಂತು. ಆದರೂ ನಟ್ಟನಡುವೆ ಎರಡು ಗೇಣು ಹಸಿರು ಉಳಿಯಿತು. ಇನ್ನು ಕೊಡುವುದಕ್ಕೆ ಯಾರ ಹಗ್ಗದಲ್ಲೂ ಏನೂ ಇರಲಿಲ್ಲ. ಆಗ ಫೆಸ್ಟಿಯ ಹೆಂಡತಿ ಡೀಲಿಯಾ ಸೆರಗಿನಂತೆ ಹೊದ್ದಿದ್ದ ಶಾಲಿನ ಒಳಗಿನಿಂದ ಒಂದು ಉಣ್ಣೆಯ ಉದ್ದ ಚಡ್ಡಿ ತೆಗೆದಳು.

“ನಮ್ಮನೆಯವರದು. ಇದೂ ಬಿಳಿಯದೇ. ಒಂದು ಕಾಲದಲ್ಲಿ.”

ಯಾರೂ ನಗಲಿಲ್ಲ. ಟೀಚರು ಚಡ್ಡಿಯನ್ನು ಸೊಂಟಕ್ಕೆರಡು, ಕಾಲಿಗೊಂದೊಂದು ಕ್ಲಿಪ್ಪು ಹಾಕಿ ಬಿಗಿದು ಕೂರಿಸಿದಳು. ಹಸಿರು ಮುಚ್ಚಿತು.

ಆಮೇಲೆ ಮಾಡುವುದೇನೂ ಇರಲಿಲ್ಲ. ಹೆಂಗಸರು ಗೋಡೆಯ ಎರಡೂ ಬದಿಗೆ ನಿಂತು ಬಲೆಯನ್ನು ಗಾಳಿಗೆ ಹಾರದಂತೆ ಹಿಡಿದುಕೊಂಡರು. ಪ್ರಾಟೆಸ್ಟೆಂಟ್ ಪಾದ್ರಿ ಒಂದು ಮೂಲೆ, ಡೀಲಿಯಾ ಒಂದು ಮೂಲೆ. ಸಬೀನಾ ಮಾತ್ರ ಕಡಲ ಕಡೆ ತಿರುಗಿ ನಿಂತಿದ್ದಳು. ಆ ನಾಲ್ಕರಲ್ಲಿ ಯಾವುದು ಮಾರ್ಟಿಯ ದೋಣಿ ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಎರಡು ಮೈಲಿ ಆಚೆ ಎಲ್ಲ ಗಂಡಂದಿರೂ ಒಂದೇ ಅಳತೆ. ಈ ಮನುಷ್ಯ ಇವತ್ತಿನ ಮೂರು ಮಾತುಗಳಲ್ಲಿ ಎಷ್ಟು ಖರ್ಚು ಮಾಡಿರಬಹುದು, ನನಗೇನಾದರೂ ಉಳಿಸಿರಬಹುದೇ ಎಂದು ಯೋಚಿಸಿದಳು. ಕುರ್ಚಿ ತಂದರೆ ಬೇಡವೆಂದಳು.

ಒಂದು ಚುಕ್ಕೆ ತೆಂಕಣಕ್ಕೆ ಹೋಗುತ್ತಿದ್ದದ್ದು ನಿಂತಿತು. ಅಲೆಯ ಬೆನ್ನ ಮೇಲೆ ಎದ್ದು, ಮತ್ತೆ ಮುಳುಗಿ, ಎದ್ದಾಗ ಅದರ ಮೂತಿ ಇತ್ತ ತಿರುಗಿತ್ತು. ಮೆಲ್ಲಗೆ, ಅಡ್ಡಡ್ಡ ಸರಿಯಿತು, ಬಾಗಿಲ ಬೀಗಕ್ಕೆ ಕೀಲಿ ಹೊಂದಿಸುವವನ ಹಾಗೆ. ಸರಿದು ಸರಿದು ಒಂದು ಕಡೆ ನಿಂತಿತು. ಆಮೇಲೆ ನೇರ ನೊರೆಯೊಳಗೆ ನುಗ್ಗಿತು.

ಡೀಲಿಯಾ ಜಪಮಾಲೆಯ ಒಂದಿಡೀ ಸುತ್ತನ್ನು ಒಂದೇ ಉಸಿರಿನಲ್ಲಿ ಮುಗಿಸಿದಳು.

ನೊರೆಯ ಈಚೆ, ಹಸಿರು ತಿಳಿನೀರಿನಲ್ಲಿ, ದೋಣಿ ತೇಲುತ್ತಿತ್ತು. ಅದರ ಹಿಂದೆ ಎರಡನೆಯದು. ಮೂರನೆಯದು. ನಾಲ್ಕನೆಯದು ಬರುವುದಕ್ಕೆ ಸ್ವಲ್ಪ ತಡವಾಯಿತು, ಆದರೆ ಅದು ಮಾರ್ಟಿಯದು, ಅವನು ಯೋಚಿಸುವವನು.

ಗಂಡಸರು ಬಂದರಿನಿಂದ ಮನೆಗೆ ಹೋಗಲಿಲ್ಲ. ಹನ್ನೆರಡೂ ಜನ ಒದ್ದೆ ಬೂಟಿನಲ್ಲೇ ಮರಳುದಿಬ್ಬ ಹತ್ತಿ ಬಂದರು. ಫೆಸ್ಟಿ ಎಲ್ಲರಿಗಿಂತ ಮುಂದಿದ್ದ, ದಾರಿಯುದ್ದಕ್ಕೂ ಹೇಳುತ್ತ ಬಂದ. ಅಲೆ ಎಷ್ಟು ಎತ್ತರ ಎದ್ದಿತ್ತೆಂದರೆ ಒಂದರ ನೆತ್ತಿಯ ಮೇಲೆ ಹಿಮ ಬಿದ್ದಿತ್ತು. ಮೊಟ್ಟೆ ಒಂದು ಗಂಟೆ ಮಾಯವಾಗಿ ಆಮೇಲೆ ತಾನಾಗಿ ವಾಪಸು ಬಂತು, ಬಂದಾಗ ರೆಕ್ಕೆ ಬಡಿಯುತ್ತಿತ್ತು, ಮರಿ ಆಗಿದೆಯೋ ಏನೋ. ಇಷ್ಟು ಹೇಳುವಷ್ಟರಲ್ಲಿ ದಿಬ್ಬದ ನೆತ್ತಿಗೆ ಬಂದಿದ್ದ. ಎದುರಿಗೆ ಗೋಡೆ. ಅವನ ಬಾಯಿ ನಿಂತಿತು. ಊರಿನಲ್ಲಿ ಅದು ಅದೇ ಮೊದಲ ಸಲ, ಕೆಲವರು ಗಡಿಯಾರ ನೋಡಿಕೊಂಡರು.

ಗೋಡೆಯ ಮೇಲೆ ಗೋಪುರ. ಗೋಡೆಯ ನಟ್ಟನಡುವೆ, ಬಲಿಪೀಠದ ವಸ್ತ್ರಕ್ಕೆ ಒತ್ತಿಕೊಂಡು, ಎರಡು ಕಾಲು ಅಗಲಿಸಿ, ಅವನದೇ ಚಡ್ಡಿ.

“ಫೆಸ್ಟಿ,” ಎಂದಳು ಡೀಲಿಯಾ, “ಇಷ್ಟು ವರ್ಷ ನೀನು ಹೇಳಿದ್ದು ಸುಳ್ಳು ಅಂತ ಅಂದ್ಕೊಂಡಿದ್ದೆ ಕಣೋ. ಈಗ ನೋಡು, ನಿನ್ನ ಅರ್ಧ ಭಾಗ ಮೊಟ್ಟೆ ಮೇಲೆ ಕೂತೇ ಇದೆ.”

ಹನ್ನೊಂದು ಜನ ಮರಳಿನ ಮೇಲೆ ಬಿದ್ದು ಹೊರಳಾಡಿ ನಕ್ಕರು. ಸಾವಿನ ಬಾಯಿಯಿಂದ ಬಂದವರ ನಗು, ನಿಲ್ಲಿಸುವುದು ಸುಲಭವಿರಲಿಲ್ಲ. ಫೆಸ್ಟಿ ಟೋಪಿ ತೆಗೆದ. ಸಬೀನಾಳ ಎದುರಿಗೆ ಬಂದು ನಿಂತ.

“ನಮ್ಮಜ್ಜನೂ ಕೂತಿರಲಿಲ್ಲ ಅಂತ ಕಾಣುತ್ತೆ,” ಎಂದ.

“ನಿಮ್ಮಜ್ಜ ಆಲೂಗಡ್ಡೆ ತಿಂದಿದ್ದು ನಿಜ ಇರ್ಬೋದು, ಬಿಡು,” ಎಂದಳು ಸಬೀನಾ.

ಎಲ್ಲರೂ ಸರಿದ ಮೇಲೆ ಮಾರ್ಟಿ ಬಂದ. ಗೋಡೆಯನ್ನು ನೋಡಿದ, ಹೆಂಡತಿಯ ಊರುಗೋಲು ನೋಡಿದ.

“ಗುಂಡಗೇ ಕಾಣುತ್ತೆ,” ಎಂದ.

ಅಲ್ಲಿಗೆ ಅವನ ಆವತ್ತಿನ ಮಾತು ಮುಗಿಯಿತು, ಅವಳಿಗೆ ಅಷ್ಟು ಸಾಕಿತ್ತು.

ಎಣ್ಣೆಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ. ಮಂಗಳವಾರ ಹನ್ನೆರಡೂ ಜನ ಮೀನು ಕೊಯ್ಯುವ ಚಾಕು ಹಿಡಿದು ಗೋಡೆ ಹೆರೆದರು. ಹಸಿರಿನ ಕೆಳಗೆ ಒಂದೊಂದೇ ಪದರ ಎದ್ದು ಬಂತು, ಸಬೀನಾಳ ಮೂವತ್ತೊಂದು ವರ್ಷ, ಅದರ ಕೆಳಗೆ ನ್ಯಾಪಿಯ ನಲವತ್ತು. ಅಷ್ಟು ಕೆಳಗೆ ಹೋಗಬೇಡಿ ಎಂದು ಸಬೀನಾ ಬೈದಳು. ಇಗರ್ಜಿಯ ವಸ್ತ್ರದ ಬಗ್ಗೆ ಫಾದರ್ ಹೆನೆಗನ್ನರು ಒಂದು ಬುದ್ಧಿವಾದ ಹೇಳಲೆಂದು ಬಂದು, ಆ ಹನ್ನೆರಡು ಜನರ ಮುಖ ನೋಡಿ, ಅಂಗಿಯ ತೋಳು ಮಡಿಸಿ ಸುಣ್ಣ ಕಲಸಲು ಕೂತರು.

ಹೀಗೆ ಬುಧವಾರ ತೀರ್ಪುಗಾರರು ಡಬ್ಲಿನ್ನಿನಿಂದ ಬಂದು ಮರಳುದಿಬ್ಬ ಹತ್ತಿದಾಗ ಕಂಡ ನೋಟವೆಂದರೆ, ಅರ್ಧ ಬಳಿದ ಗೋಡೆ, ಏಣಿಯ ಮೇಲೆ ಬರಿಗಾಲಿನ ಟೀಚರು, ಕೆಳಗೆ ಮೂತಿಗೆಲ್ಲ ಸುಣ್ಣ ಮೆತ್ತಿಕೊಂಡ ಪಾದ್ರಿ, ಕುರ್ಚಿಯಲ್ಲಿ ಕೂತು ಊರುಗೋಲಿನಿಂದ ಇಡೀ ಊರನ್ನೇ ಆಡಿಸುತ್ತಿದ್ದ ಒಬ್ಬ ಹೆಂಗಸು. ತೀರ್ಪುಗಾರರು ತೆಳ್ಳನೆಯ, ಮರ್ಯಾದಸ್ಥ ಮನುಷ್ಯ. ಊರೆಲ್ಲ ಬಣ್ಣ ಇರುವಾಗ ಈ ಒಂದು ಗೋಡೆ ಮಾತ್ರ ಏಕೆ ಬಿಳಿ ಎಂದು ಕೇಳಿದರು. ಟೀಚರು ಏಣಿಯಿಂದ ಇಳಿದು, ತನ್ನ ತಪ್ಪನ್ನೂ ಸೇರಿಸಿ, ಒಂದಕ್ಷರ ಬಿಡದೆ ಹೇಳಿದಳು. ಸ್ಪರ್ಧೆ ಹೋದರೆ ಹೋಗಲಿ ಎಂಬ ಧ್ವನಿಯಲ್ಲಿ ಹೇಳಿದಳು.

ತೀರ್ಪುಗಾರರು ಕನ್ನಡಕ ಒರೆಸಿಕೊಂಡರು. ಆ ವರ್ಷ ಕಿಲ್‌ಟರ್ಲಾ ಸೀಮೆಗೇ ಮೊದಲು ಬಂತು, ಮೊದಲು ಬಂದ ಊರಿನ ಹೆಸರನ್ನು ರೇಡಿಯೋದಲ್ಲಿ ಹೇಳಿದಾಗ ಹೆಂಡದಂಗಡಿಯ ಸೂರು ಒಂದು ಅಡಿ ಮೇಲೆದ್ದು ಮತ್ತೆ ಕೂತಿತು. ಆದರೆ ಅದು ಆಮೇಲಿನ ಮಾತು. ಆವತ್ತು ಅವರು ಟೋಪಿ ಕೈಯಲ್ಲಿ ಹಿಡಿದು ಸಬೀನಾಳ ಕುರ್ಚಿಯ ಹತ್ತಿರ ಬಂದರು.

“ಮಿಸೆಸ್ ಗಿಂಟಿ, ಇದು ಹೀಗೇ ಮರೆತುಹೋಗಬಾರದು. ಈ ಗೋಡೆಯ ಮಧ್ಯೆ ಒಂದು ಹಲಗೆ ಹಾಕಿಸ್ತೀವಿ. ಬಾಗಿಲಷ್ಟು ದೊಡ್ಡದು. ಅದರ ಮೇಲೆ ನಿಮ್ಮ ಹೆಸರು ಇರಬೇಕು. ಯಾವ ಥರ ಅಕ್ಷರ ಬೇಕು, ನೀವೇ ಹೇಳಿ.”

ಊರೆಲ್ಲ ಕೆಲಸ ನಿಲ್ಲಿಸಿ ಸಬೀನಾಳ ಕಡೆ ನೋಡಿತು. ಅವಳು ಗೋಡೆಯನ್ನು ಅಳೆದು ನೋಡಿದಳು.

“ಧಾರಾಳವಾಗಿ ಹಾಕಿಸಿ ಸ್ವಾಮಿ,” ಎಂದಳು. “ಬಿಳಿ ಹಲಗೆ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿ.”